ಬಿ.ಎಸ್ಸಿ. ಫಿಸಿಕ್ಸ್: ಎಷ್ಟು ಖರ್ಚು, ಎಷ್ಟು ವರ್ಷ, ಆಮೇಲೆ ಏನು?

ಪ್ರಶ್ನೆ: ಮೇಡಂ, ನಾವು ಸಾಗರದ ಹತ್ತಿರದ ಹಳ್ಳಿಯವರು. ಎರಡು ಎಕರೆ ಅಡಿಕೆ ತೋಟ ಇದೆ. ಮಗಳು ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದಳು. ಫಿಸಿಕ್ಸ್‌ನಲ್ಲಿ 94 ಬಂದಿದೆ. ಸಿಇಟಿ ರ‍್ಯಾಂಕ್ ಅಷ್ಟೇನೂ ಚೆನ್ನಾಗಿಲ್ಲ. ಕಾಮೆಡ್‌ಕೆಯಲ್ಲಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೀಟು ಸಿಗಬಹುದು. ಅದಕ್ಕೆ 8 ಲಕ್ಷ ಸಾಲ ಬೇಕು, ಬ್ಯಾಂಕಿನವರು ಮನೆ ಪತ್ರ ಕೇಳುತ್ತಿದ್ದಾರೆ. ಮಗಳು ಮಾತ್ರ "ನನಗೆ ಇಂಜಿನಿಯರಿಂಗ್ ಬೇಡ, ಬಿ.ಎಸ್ಸಿ. ಫಿಸಿಕ್ಸ್ ಮಾಡ್ತೀನಿ, ಇಸ್ರೋಗೆ ಸೇರ್ತೀನಿ" ಅಂತ ಹಟ ಹಿಡಿದಿದ್ದಾಳೆ. ಬಿ.ಎಸ್ಸಿ. ಅಂದರೆ ಕೆಲಸ ಸಿಗದ ಓದು ಅಂತ ಅವರಪ್ಪನಿಗೆ ಭಯ. ವಿಜ್ಞಾನ ಓದಿಗೇ ಐಸರ್ ಅಂತ ಕೇಂದ್ರದ ಸಂಸ್ಥೆ ಇದೆ ಎಂದು ನಮಗೆ ಗೊತ್ತಾಗಿದ್ದೇ ಅದರ ಪರೀಕ್ಷೆ ಮುಗಿದ ಮೇಲೆ. ಏನು ಮಾಡೋಣ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಹೇಳಬೇಕು ಅನಿಸಿದ್ದು ಇಷ್ಟು: ಮನೆ ಪತ್ರ ಮನೆಯಲ್ಲೇ ಇರಲಿ. ಇಂಜಿನಿಯರಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕಾಲೇಜು, ಇಷ್ಟಪಟ್ಟು ಓದುವ ಮಗು ಇದ್ದರೆ 22ನೇ ವಯಸ್ಸಿಗೇ ಕೈಗೆ ಸಂಬಳ ಬರುತ್ತದೆ. ಆ ಅನುಕೂಲ ಫಿಸಿಕ್ಸ್ ಓದಿಗೆ ಇಲ್ಲ. ಆದರೆ ಬೇಡ ಅನ್ನುವ ಮಗುವನ್ನು ಸಾಲ ಮಾಡಿ ಓದಿಸುವುದು ಬೇರೆಯೇ ವಿಷಯ. 8 ಲಕ್ಷಕ್ಕೆ ಶೇ. 10ರ ಬಡ್ಡಿ, 10 ವರ್ಷದ ಕಂತು ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಸುಮಾರು 10,570 ರೂಪಾಯಿ ಕಟ್ಟಬೇಕು. ಒಟ್ಟು ಹತ್ತಿರ ಹತ್ತಿರ 12.7 ಲಕ್ಷ ಆಗುತ್ತದೆ. ಓದುವಾಗಿನ ನಾಲ್ಕು ವರ್ಷದ ಬಡ್ಡಿ ಇದಕ್ಕೆ ಸೇರಿಲ್ಲ. ಎಲೆಚುಕ್ಕೆ ರೋಗ ಬಂದ ವರ್ಷ ತೋಟ ಏನು ಕೊಡುತ್ತದೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮುಂದೆ ಯಾವತ್ತಾದರೂ ಶಿಕ್ಷಣ ಸಾಲ ಬೇಕೇ ಬೇಕು ಅಂತ ಆದರೆ 7.5 ಲಕ್ಷದ ಒಳಗೇ ಇರಿ. ಆ ಗೆರೆಯೊಳಗೆ ಸಾಮಾನ್ಯವಾಗಿ ಆಸ್ತಿ ಅಡ ಕೇಳುವುದಿಲ್ಲ.

ಈಗ ಬಿ.ಎಸ್ಸಿ. ಲೆಕ್ಕ. ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಫೀಸು ವರ್ಷಕ್ಕೆ ಕೆಲವು ಸಾವಿರಗಳಲ್ಲೇ ಮುಗಿಯುತ್ತದೆ. ಸಾಗರದಲ್ಲೇ ಓದಿದರೆ ಬಸ್ ಪಾಸು, ಪುಸ್ತಕ, ಲ್ಯಾಬ್ ರೆಕಾರ್ಡು. ಶಿವಮೊಗ್ಗಕ್ಕೆ ಕಳಿಸಿದರೆ ಹಾಸ್ಟೆಲ್ಲು, ಊಟ ಸೇರಿ ತಿಂಗಳಿಗೆ ಐದಾರು ಸಾವಿರ ಇಟ್ಟುಕೊಳ್ಳಿ. ಮೂರು ವರ್ಷಕ್ಕೆ ಎಲ್ಲಾ ಸೇರಿ ಎರಡು, ಎರಡೂವರೆ ಲಕ್ಷ ದಾಟಬಾರದು. ಅದರಲ್ಲೂ ಸ್ವಲ್ಪ ವಾಪಸ್ ಬರಬಹುದು. ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ: 60,000 ಕೈಗೆ, 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ. ಬೋರ್ಡಿನ ಮೇಲಿನ ಶೇ. 1ರಲ್ಲಿ ಬಂದು, ಮೂಲ ವಿಜ್ಞಾನವನ್ನೇ ಡಿಗ್ರಿಗೆ ತೆಗೆದುಕೊಂಡವರಿಗೆ ಅದು ಸಿಗುತ್ತದೆ. ಇಂಜಿನಿಯರಿಂಗ್‌ಗೆ ಸಿಗುವುದಿಲ್ಲ. ಅವಳ ಒಟ್ಟು ಅಂಕ ಪಿಯು ಬೋರ್ಡಿನ ಕಟ್ ಆಫ್ ದಾಟಿದೆಯಾ ಅಂತ ನೋಡಿ. ದಾಟಿದ್ದರೂ ದುಡ್ಡು ಖಾತೆಗೆ ಬರುವ ತನಕ ಅದನ್ನೇ ನಂಬಿ ಮನೆ ಖರ್ಚು ಹೊಂದಿಸಬೇಡಿ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನೂ ಮರೆಯಬೇಡಿ. ಹತ್ತನೇ ಕ್ಲಾಸು, ಪಿಯು ಎರಡನ್ನೂ ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನವೂ ಇದೆ. ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000.

ಹಾಗಾದರೆ ಅವರಪ್ಪನ ಭಯ ಸುಳ್ಳಾ? ಖಂಡಿತ ಅಲ್ಲ. ಬರೀ ಮೂರು ವರ್ಷದ ಬಿ.ಎಸ್ಸಿ. ಹಿಡಿದುಕೊಂಡು, ಬೇರೆ ಯಾವ ತಯಾರಿಯೂ ಇಲ್ಲದೆ ಹೊರಗೆ ಬಂದರೆ ಸಿಗುವ ಕೆಲಸ ಸಣ್ಣದು, ಸಂಬಳವೂ ಸಣ್ಣದು. ಇದನ್ನು ನಾನು ನನ್ನ ಎಷ್ಟೋ ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ, ಮುಚ್ಚಿಡುವುದಿಲ್ಲ. ಫಿಸಿಕ್ಸ್‌ಗೆ ದುಡ್ಡು ಕಡಿಮೆ ಸಾಕು, ಆದರೆ ವರ್ಷಗಳು ಜಾಸ್ತಿ ಬೇಕು. ಈಗ 18. ಬಿ.ಎಸ್ಸಿ. ಮುಗಿದಾಗ 21, ಎಂ.ಎಸ್ಸಿ.ಗೆ 23, ಪಿಎಚ್.ಡಿ. ಮುಗಿಯುವಾಗ 28 ಅಥವಾ 29. ಅದಾದ ಮೇಲೂ ಎರಡು ಮೂರು ವರ್ಷ ಪೋಸ್ಟ್ ಡಾಕ್ ಅಂತ, ಅಂದರೆ ತಾತ್ಕಾಲಿಕ ಸಂಶೋಧನಾ ಕೆಲಸಕ್ಕೆ, ಊರೂರು ಸುತ್ತಬೇಕು. ಪಿಎಚ್.ಡಿ. ಮುಗಿಯುವ ಹೊತ್ತಿಗೇ ಅವಳ ಇಂಜಿನಿಯರ್ ಗೆಳತಿ ಆರೇಳು ವರ್ಷ ಸಂಬಳ ಎಣಿಸಿರುತ್ತಾಳೆ. ಹೆಣ್ಣುಮಗಳಿಗೆ ಮನೆಯವರ ಮದುವೆ ಮಾತು ಬೇರೆ ಶುರುವಾಗಿರುತ್ತದೆ. ನನಗೆ ಅತಿ ಹೆಚ್ಚು ನೋವು ಕೊಟ್ಟಿದ್ದು ಇದೇ: ಫೀಸು ಕಟ್ಟಲಾಗದೆ ಬಿಟ್ಟವರಿಗಿಂತ, ಎಂ.ಎಸ್ಸಿ. ಮುಗಿಸಿ "ಇನ್ನು ಸಾಕು" ಅಂತ ಮನೆಯವರು ನಿಲ್ಲಿಸಿದ ಹುಡುಗಿಯರೇ ನನ್ನ ಕ್ಲಾಸುಗಳಲ್ಲಿ ಜಾಸ್ತಿ. ಹಾಗಾಗಿ ಇವತ್ತು ನೀವಿಬ್ಬರೂ ಮಾತಾಡಿಕೊಳ್ಳಬೇಕಾದ್ದು ಫೀಸಿನ ವಿಷಯವಲ್ಲ. ಅವಳು 28 ಆಗುವ ತನಕ ಓದಿದರೆ ಮನೆ ತಡೆದುಕೊಳ್ಳುತ್ತದಾ ಅನ್ನುವುದು. ಅಷ್ಟು ಆಗದು ಅಂದರೆ, 21ಕ್ಕೆ ಅಥವಾ 23ಕ್ಕೆ ಎಲ್ಲಿ ಇಳಿಯಬಹುದು ಅನ್ನುವುದು.

ಇಳಿಯುವ ಜಾಗಗಳು ಇವೆ. ನಮ್ಮ ಕಡೆಯ ಮಕ್ಕಳಿಗೆ ಗೊತ್ತಿಲ್ಲ, ಅಷ್ಟೆ.

ಬಿ.ಎಸ್ಸಿ. ಆದ ಕೂಡಲೇ ಸಿಗಬಹುದಾದ ಕೆಲಸಗಳಲ್ಲಿ ನಾನು ಮೊದಲು ಹೇಳುವುದು ವಿಮಾನ ಸಂಚಾರ ನಿಯಂತ್ರಣದ್ದು, ಎಟಿಸಿ ಅಂತಾರಲ್ಲ, ಅದು. ಏರ್‌ಪೋರ್ಟ್ಸ್ ಅಥಾರಿಟಿಯವರು ಇದಕ್ಕೆ ಜೂನಿಯರ್ ಎಕ್ಸಿಕ್ಯುಟಿವ್ ಅಂತ ಕರೆಯುತ್ತಾರೆ. ಬೇಕಾದ್ದು ಬಿ.ಇ., ಇಲ್ಲವೇ ಫಿಸಿಕ್ಸ್ ಮತ್ತು ಗಣಿತ ಎರಡೂ ಇರುವ ಮೂರು ವರ್ಷದ ಬಿ.ಎಸ್ಸಿ. ಅಂದರೆ ನಿಮ್ಮ ಮಗಳು ಅಲ್ಲಿ ಇಂಜಿನಿಯರ್ ಪಕ್ಕದಲ್ಲೇ ಕೂತು ಅದೇ ಪರೀಕ್ಷೆ ಬರೆಯುತ್ತಾಳೆ. 2023ರಲ್ಲಿ 496 ಹುದ್ದೆ ಕರೆದಿದ್ದರು, 2025ರಲ್ಲಿ 309. ಮೂಲ ವೇತನ 40,000ದಿಂದ ಶುರು. ಭತ್ಯೆ ಎಲ್ಲಾ ಸೇರಿ ವರ್ಷಕ್ಕೆ ಸುಮಾರು 13 ಲಕ್ಷ ಅಂತ ಅವರ ಪ್ರಕಟಣೆಯಲ್ಲೇ ಇದೆ. ವಯಸ್ಸು 27ರ ಒಳಗಿರಬೇಕು, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ಪೈಪೋಟಿ ದೇಶದ ಮಟ್ಟದ್ದು, ಸುಲಭ ಅಂತ ಹೇಳಲಾರೆ. ಬರೆಯುವ ಪರೀಕ್ಷೆ ಆದ ಮೇಲೆ ಧ್ವನಿ ಪರೀಕ್ಷೆ ಇರುತ್ತದೆ, ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡಬೇಕು. ಕನ್ನಡ ಮೀಡಿಯಂ ಮಕ್ಕಳು ಎಡವುವುದು ಅಲ್ಲೇ. ಮೊದಲ ವರ್ಷದಿಂದಲೇ ದಿನಾ ಅರ್ಧ ಗಂಟೆ ಇಂಗ್ಲಿಷ್ ಜೋರಾಗಿ ಓದಿಸಿ.

ಇನ್ನೊಂದು ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಕೈಗಾ ಅಣುವಿದ್ಯುತ್ ಕೇಂದ್ರ. ಅಣುವಿದ್ಯುತ್ ನಿಗಮದವರು ಸ್ಟೈಪೆಂಡರಿ ಟ್ರೇನಿ ಅಂತ ತೆಗೆದುಕೊಳ್ಳುವಾಗ ಡಿಪ್ಲೊಮಾದವರ ಜೊತೆ ಬಿ.ಎಸ್ಸಿ. ಫಿಸಿಕ್ಸ್‌ನವರಿಗೂ ಅವಕಾಶ ಕೊಡುತ್ತಾರೆ. ಶೇ. 60 ಅಂಕ ಬೇಕು. 18 ತಿಂಗಳ ತರಬೇತಿ, ಆ ಸಮಯದಲ್ಲೂ ಸ್ಟೈಪೆಂಡ್ ಕೊಡುತ್ತಾರೆ. ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಕೆಲಸಕ್ಕೆ 2022ರಲ್ಲಿ ಒಂದೇ ಸಲ 990 ಹುದ್ದೆ ಕರೆದಿದ್ದರು, ಅದಕ್ಕೂ ಫಿಸಿಕ್ಸ್ ಓದಿದ ಪದವೀಧರರು ಅರ್ಹರು. ಆದರೆ ಇವು ವರ್ಷ ವರ್ಷ ತಪ್ಪದೆ ಬರುವ ಕೆಲಸಗಳಲ್ಲ. ಒಂದನ್ನೇ ನೆಚ್ಚಿಕೊಂಡು ಕೂರಬಾರದು.

ಐಟಿ ಕಡೆಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ವಿಪ್ರೊದಂಥ ಕಂಪನಿಗಳು ಬಿ.ಎಸ್ಸಿ.ಯವರನ್ನು ಸೇರಿಸಿಕೊಂಡು, ಕೆಲಸದ ಜೊತೆಗೇ ಎಂ.ಟೆಕ್. ಓದಿಸುವ ವ್ಯವಸ್ಥೆ ಇಟ್ಟಿವೆ. ಬಾಂಡ್ ಉದ್ದ ಇರುತ್ತದೆ, ಸಹಿ ಹಾಕುವ ಮೊದಲು ಎಷ್ಟು ವರ್ಷ ಅಂತ ಓದಿಕೊಳ್ಳಬೇಕು. ಇದಕ್ಕೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಬರಬೇಕು. ಫಿಸಿಕ್ಸ್ ಕಲಿಯುವವರಿಗೆ ಪೈಥಾನ್ ಬೇರೆ ವಿಷಯವೇ ಅಲ್ಲ. ಲೋಲಕದ ಸಮೀಕರಣವನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಾ ಕಲಿತರೆ ಎರಡೂ ಒಟ್ಟಿಗೇ ಬರುತ್ತವೆ.

ಇನ್ನು ಮೇಷ್ಟರ ಕೆಲಸ. ಫಿಸಿಕ್ಸ್ ಓದಿದರೆ ಕೊನೆಗೆ ಪಾಠ ಮಾಡೋದು ತಾನೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಎರಡು ಲೋಕ ಇದೆ. ಪಿಯು ಮಟ್ಟದಲ್ಲಿ ಫಿಸಿಕ್ಸ್ ಚೆನ್ನಾಗಿ ಕಲಿಸುವವರು ಯಾವತ್ತೂ ಸಾಲದು. ನೀಟ್, ಜೆಇಇ ಹೇಳಿಕೊಡುವ ಕಾಲೇಜುಗಳು ಒಳ್ಳೆಯ ಸಂಬಳ ಕೊಟ್ಟು ಕರೆಯುತ್ತವೆ. ಸರ್ಕಾರಿ ಪಿಯು ಉಪನ್ಯಾಸಕರಾಗಲು ಎಂ.ಎಸ್ಸಿ. ಜೊತೆ ಬಿ.ಇಡಿ. ಬೇಕು. ಕಲಿಸುವುದೇ ಇಷ್ಟ ಅಂತ ಅವಳಿಗೆ ಈಗಲೇ ಅನಿಸಿದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ಮರೆಯಬೇಡಿ. ಅಲ್ಲಿ ಬಿ.ಎಸ್ಸಿ.ಯೂ ಬಿ.ಇಡಿ.ಯೂ ಸೇರಿ ನಾಲ್ಕೇ ವರ್ಷ. ಹೊರಗೆ ಹೆಚ್ಚಿನ ಕಡೆ ಅದೇ ಐದು ವರ್ಷದ ದಾರಿ.

ಡಿಗ್ರಿ ಕಾಲೇಜಿನ ಲೋಕ ಮಾತ್ರ ಬೇರೆ. ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700ದಿಂದ ಶುರು, ಕೇಳಲು ಚೆನ್ನಾಗಿದೆ. ಆದರೆ ನೇಮಕ ಯಾವಾಗ ಆಗುತ್ತದೆ ಅನ್ನುವುದೇ ಪ್ರಶ್ನೆ. 2021ರಲ್ಲಿ ನಮ್ಮ ರಾಜ್ಯದಲ್ಲಿ 1,242 ಹುದ್ದೆಗೆ ಪ್ರಕಟಣೆ ಬಂತು, ಎಲ್ಲಾ ವಿಷಯಗಳೂ ಸೇರಿ. ಪರೀಕ್ಷೆ 2022ರ ಮಾರ್ಚ್‌ನಲ್ಲಿ ಆಯಿತು. ಅಲ್ಲಿಯ ತನಕ ಕಾದವರೆಲ್ಲ ಅತಿಥಿ ಉಪನ್ಯಾಸಕರಾಗಿದ್ದವರು. 2022ರಲ್ಲಿ ಅವರ ಗೌರವಧನ ಹೆಚ್ಚಿಸಿದ ಮೇಲೂ ಅದು ತಿಂಗಳಿಗೆ 26,000ದಿಂದ 32,000ದ ನಡುವೆ ಇತ್ತು. ನಾನೂ ಎಂ.ಎಸ್ಸಿ. ಮುಗಿಸಿ ಆರು ವರ್ಷ ಪಾರ್ಟ್ ಟೈಮ್ ಕೆಲಸ ಮಾಡಿದವಳು. ಒಂದು ಕಾಲೇಜಿನಲ್ಲಿ ಏಳು ತಿಂಗಳು ಸಂಬಳವೇ ಬರಲಿಲ್ಲ. ಬೆಳಿಗ್ಗೆ ಕ್ವಾಂಟಂ ಮೆಕ್ಯಾನಿಕ್ಸ್ ಪಾಠ, ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್. ಪಾಠ ಮಾಡುವ ಖುಷಿ ಒಂದು ದಿನವೂ ಕಡಿಮೆಯಾಗಲಿಲ್ಲ. ಆದರೆ ಬಸ್ ಚಾರ್ಜಿಗೆ ಅಣ್ಣನ ಹತ್ತಿರ ಕೈಯೊಡ್ಡುವಾಗ ಆಗುತ್ತಿದ್ದ ಸಂಕಟ ಈಗಲೂ ನೆನಪಿದೆ. ಡಿಗ್ರಿ ಕಾಲೇಜಿನ ಮೇಷ್ಟರಿಗೆ ಇರುವ ಅರ್ಹತಾ ಪರೀಕ್ಷೆ, ಎನ್‌ಇಟಿ ಅಥವಾ ಕೆ-ಸೆಟ್, ಪಾಸಾಗದೆ ಆ ದಾರಿಗೆ ಅವಳನ್ನು ಬಿಡಬೇಡಿ.

ಈಗ ಅವಳ ಇಸ್ರೋ ಕನಸಿಗೆ ಬರೋಣ. ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ರ ಸಂಜೆ ಯಾವ ಮನೆಯ ಮಕ್ಕಳಿಗೆ ಹಾಗೆ ಅನಿಸಲಿಲ್ಲ ಹೇಳಿ! ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರೂ ಬಿ.ಎಸ್ಸಿ., ಎಂ.ಎಸ್ಸಿ. ಅಂತ ಫಿಸಿಕ್ಸ್ ಓದಿಯೇ ಆ ಎತ್ತರಕ್ಕೆ ಹೋದವರು. 1975ರಲ್ಲಿ ಹಾರಿದ ಆರ್ಯಭಟವನ್ನು ಅವರ ತಂಡ ಕಟ್ಟಿದ್ದು ಪೀಣ್ಯದ ಶೆಡ್ಡುಗಳಲ್ಲಿ. ಆದರೆ ಅದು ಶುರುವಿನ ಕಾಲ. ಈಗ ಇಸ್ರೋ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ಇಂಜಿನಿಯರುಗಳೇ. ಫಿಸಿಕ್ಸ್‌ನವರಿಗೆ ಹುದ್ದೆ ಬೆರಳೆಣಿಕೆ. ಅವಳಿಗೆ ಇದನ್ನು ನೇರವಾಗಿ ಹೇಳಿ.

ಹೇಳಿ, ಜೊತೆಗೆ ಇನ್ನೊಂದನ್ನೂ ತೋರಿಸಿ. 2023ರ ಸೆಪ್ಟೆಂಬರ್‌ನಲ್ಲಿ ಸೂರ್ಯನನ್ನು ನೋಡಲು ಹೋದ ಆದಿತ್ಯ-ಎಲ್1ರ ಮುಖ್ಯ ಉಪಕರಣ ವಿಇಎಲ್‌ಸಿ ತಯಾರಾದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ, ಅದೂ ಹೊಸಕೋಟೆಯ ಅವರ ಕ್ಯಾಂಪಸ್ಸಿನಲ್ಲಿ. 2024ರ ಜನವರಿ 1ರಂದು ಹೋದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣ ಮಾಡಿದ್ದು ರಾಮನ್ ಸಂಶೋಧನಾ ಸಂಸ್ಥೆ. ರಾಕೆಟ್ ಇಸ್ರೋದ್ದು, ಅದು ಹೊತ್ತುಕೊಂಡು ಹೋದ ಕಣ್ಣು ಫಿಸಿಕ್ಸ್ ಓದಿದವರ ಕೈಕೆಲಸ. ನಿಮ್ಮ ಮಗಳ ಆಸೆಗೆ ಹೊಂದುವ ಬಾಗಿಲು ಅದು. ಅಲ್ಲಿಗೆ ದಾರಿ ಪಿಎಚ್.ಡಿ.

ಆ ದಾರಿಗೆ ಐಸರ್ ತಪ್ಪಿತು ಅಂತ ಕೊರಗಬೇಡಿ. ಏಳು ಐಸರ್‌ಗಳಿವೆ, ಭುವನೇಶ್ವರದ ನೈಸರ್ ಇದೆ, ಬೆಂಗಳೂರಿನ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್‌ಸಿಯ, ನಾಲ್ಕು ವರ್ಷದ ಪದವಿ ಇದೆ. ಈ ವರ್ಷ ಬಿ.ಎಸ್ಸಿ.ಗೆ ಸೇರಿಕೊಂಡೇ ಮುಂದಿನ ವರ್ಷ ಐಸರ್ ಪರೀಕ್ಷೆ ಇನ್ನೊಂದು ಸಲ ಬರೆಯಬಹುದು, ಮನೆಯಲ್ಲಿ ಸುಮ್ನೆ ಕೂತು ಡ್ರಾಪ್ ಮಾಡುವುದು ಬೇಡ. ಅದೂ ಆಗಲಿಲ್ಲ ಅಂದರೆ ಮೂರನೇ ವರ್ಷ ಜ್ಯಾಮ್ ಅನ್ನುವ ಎಂ.ಎಸ್ಸಿ. ಪ್ರವೇಶ ಪರೀಕ್ಷೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಐಐಟಿಗಳಲ್ಲಿ ಎಂ.ಎಸ್ಸಿ., ಇಲ್ಲವೇ ಐಐಎಸ್‌ಸಿಯಲ್ಲಿ ಎಂ.ಎಸ್ಸಿ.ಯೂ ಸೇರಿದ ಇಂಟಿಗ್ರೇಟೆಡ್ ಪಿಎಚ್.ಡಿ. ಹಳ್ಳಿ ಕಾಲೇಜಿನ ಬಿ.ಎಸ್ಸಿ. ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಎರಡನೇ ವರ್ಷದಲ್ಲಿದ್ದಾಗ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿಸಿ. ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಕೂತು ಬಂದರೆ ಈ ದಾರಿ ತನಗೆ ಬೇಕಾ ಬೇಡವಾ ಅಂತ ಅವಳಿಗೇ ಗೊತ್ತಾಗುತ್ತದೆ.

ಪಿಎಚ್.ಡಿ.ಗೆ ಮನೆಯಿಂದ ದುಡ್ಡು ಕೊಡಬೇಕಾಗಿಲ್ಲ. ಎನ್‌ಇಟಿಯಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಐದು ವರ್ಷಕ್ಕೆ 24 ಲಕ್ಷ ಆಯಿತು. ಐಟಿ ಸಂಬಳದ ಮುಂದೆ ಕಡಿಮೆಯೇ, ಆದರೆ ಮರ್ಯಾದೆಯಾಗಿ ಬದುಕಬಹುದು. ಫೆಲೋಶಿಪ್ ಇಲ್ಲದೆ, ಕೈಯಿಂದ ಫೀಸು ಕಟ್ಟಿ ಮಾಡುವ ಪಿಎಚ್.ಡಿ. ಬೇಡವೇ ಬೇಡ. ಅಮೆರಿಕದಲ್ಲೂ ಒಳ್ಳೆಯ ಫಿಸಿಕ್ಸ್ ಪಿಎಚ್.ಡಿ. ಸೀಟಿಗೆ ಅವರೇ ಸ್ಟೈಪೆಂಡ್ ಕೊಡುತ್ತಾರೆ. ಯಾವುದಾದರೂ ಏಜೆನ್ಸಿ ದುಡ್ಡು ಕಟ್ಟಿ ಅಂದರೆ ಎದ್ದು ಬನ್ನಿ.

ಇಷ್ಟೆಲ್ಲ ಹೇಳಿದೆ. ಆದರೆ ಇದು ಅವಳಿಗೆ ಹೊಂದುತ್ತದಾ ಅಂತ ನೋಡುವುದು ಹೇಗೆ? 94 ಅಂಕ ಅದನ್ನು ಹೇಳುವುದಿಲ್ಲ. ನನ್ನ ಒಬ್ಬ ವಿದ್ಯಾರ್ಥಿನಿಯ ಕಥೆ ಹೇಳುತ್ತೇನೆ. ಎರಡನೇ ವರ್ಷದ ಲ್ಯಾಬಿನಲ್ಲಿ ನ್ಯೂಟನ್ ರಿಂಗ್ಸ್ ಪ್ರಯೋಗ. ಕತ್ತಲೆ ಕೋಣೆ, ಹಳದಿ ಸೋಡಿಯಂ ದೀಪ, ಗಾಜಿನ ಮೇಲೆ ಮಸೂರ, ಮೈಕ್ರೋಸ್ಕೋಪಿನಲ್ಲಿ ಉಂಗುರದೊಳಗೆ ಉಂಗುರ. ನಡುವೆ ಕಪ್ಪು ಚುಕ್ಕೆ ಕಾಣಬೇಕು. ಅವಳಿಗೆ ನಡುವೆ ಬೆಳಕು ಕಂಡಿತು. ಪಕ್ಕದವರು "ಬಿಡೇ, ರೀಡಿಂಗ್ ಹಾಕ್ಕೋ, ಅಡ್ಜಸ್ಟ್ ಮಾಡ್ಕೊಳೋಣ" ಅಂದರು. ಇವಳು ಬಿಡಲಿಲ್ಲ. ಅಟೆಂಡರ್ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತರೂ ಇವಳು ದುಪಟ್ಟಾದ ಅಂಚಿನಿಂದ ಗಾಜು ಒರೆಸುತ್ತಾ ಕೂತಿದ್ದಳು. ಮೂರನೇ ಸಲ ಒರೆಸಿ ಇಟ್ಟಾಗ ನಡು ಕಪ್ಪಾಯಿತು. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಮಸೂರವನ್ನು ಚೂರೇ ಚೂರು ಎತ್ತಿತ್ತು. "ಮೇಡಂ, ಇಷ್ಟೇ ಇಷ್ಟು ಎತ್ತರಕ್ಕೆ ಬೆಳಕಿಗೆ ಗೊತ್ತಾಗುತ್ತಾ?" ಅಂತ ಕೇಳಿದಳು. ಆವತ್ತೇ ನನಗೆ ಖಾತ್ರಿಯಾಯಿತು.

ಅವಳು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿದಳು. ಆಮೇಲೆ ಪಿಎಚ್.ಡಿ.ಗೆ ಹೋಗಲಿಲ್ಲ, ಮನೆಯಲ್ಲಿ ಅಷ್ಟು ಕಾಲ ಇರಲಿಲ್ಲ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ, ಅಂದರೆ ಬಿಎಆರ್‌ಸಿಯಲ್ಲಿ ವಿಕಿರಣ ಭೌತಶಾಸ್ತ್ರದ ಒಂದು ವರ್ಷದ ಡಿಪ್ಲೊಮಾ ಮಾಡಿದಳು. ಈಗ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಮೆಡಿಕಲ್ ಫಿಸಿಸಿಸ್ಟ್. ಬೆಳಿಗ್ಗೆ ಮೊದಲ ರೋಗಿ ಮಲಗುವ ಮುಂಚೆ ಯಂತ್ರದಿಂದ ಬರುವ ವಿಕಿರಣದ ಪ್ರಮಾಣ ಸರಿ ಇದೆಯಾ ಅಂತ ಅಳೆಯುವುದು ಅವಳ ಕೆಲಸ. ಆವತ್ತು ಗಾಜು ಒರೆಸಿದ ಅದೇ ಕೈ. ರೇಡಿಯೊಥೆರಪಿ ಕೊಡುವ ಪ್ರತಿ ಆಸ್ಪತ್ರೆಯಲ್ಲೂ ಇಂಥವರು ಇರಲೇಬೇಕು ಅಂತ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಇದೆ. ಎಂ.ಎಸ್ಸಿ. ಫಿಸಿಕ್ಸ್‌ಗೆ ಇಷ್ಟು ಗಟ್ಟಿಯಾದ, ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವ ಕೆಲಸ ನನಗೆ ಇನ್ನೊಂದು ಗೊತ್ತಿಲ್ಲ. ಬಿಎಆರ್‌ಸಿಯ ತರಬೇತಿ ಶಾಲೆಗೂ ಎಂ.ಎಸ್ಸಿ.ಯಲ್ಲಿ ಶೇ. 60 ಬಂದವರು ಪರೀಕ್ಷೆ ಬರೆಯಬಹುದು. ಒಂದು ವರ್ಷ ತರಬೇತಿ, ಆಮೇಲೆ ವಿಜ್ಞಾನಿ ಹುದ್ದೆ.

ನಿಮ್ಮ ಮಗಳಿಗೂ ಅಂಥ ಹಟ ಇದೆಯಾ? ಲೆಕ್ಕದ ಉತ್ತರ ಪುಸ್ತಕದ ಹಿಂದೆ ಇದ್ದರೂ ನೋಡದೆ ರಾತ್ರಿ ಕೂರುತ್ತಾಳಾ? ನಿಮಗೇ ಗೊತ್ತಿರುತ್ತದೆ. ಹೌದು ಅಂದರೆ ಕಳಿಸಿ. ಇಂಜಿನಿಯರಿಂಗ್ ಬೇಡ ಅನ್ನುವುದಕ್ಕಷ್ಟೇ ಫಿಸಿಕ್ಸ್ ಹಿಡಿದಿದ್ದರೆ ಇನ್ನೊಂದು ವಾರ ಮಾತಾಡಿ.

ಅವರಪ್ಪನಿಗೆ ಒಂದು ವಿಷಯ ಹೇಳಿ. ಸಿ.ವಿ. ರಾಮನ್ ಅವರು 1907ರಲ್ಲಿ ಎಂ.ಎ. ಮುಗಿಸಿ ಸೇರಿದ್ದು ಹಣಕಾಸು ಇಲಾಖೆಗೆ. ಆಗ ಫಿಸಿಕ್ಸ್‌ನಲ್ಲಿ ಹೊಟ್ಟೆಪಾಡಿನ ದಾರಿ ಇರಲಿಲ್ಲ. ಹತ್ತು ವರ್ಷ ಕಲ್ಕತ್ತೆ, ರಂಗೂನು, ನಾಗಪುರ ಅಂತ ಅಧಿಕಾರಿಯಾಗಿ ದುಡಿದರು. ಕಲ್ಕತ್ತೆಯಲ್ಲಿದ್ದಾಗ ಆಫೀಸಿಗೆ ಮುಂಚೆ, ಆಫೀಸು ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಕೂರುತ್ತಿದ್ದರು. 1917ರಲ್ಲಿ ಕಡಿಮೆ ಸಂಬಳಕ್ಕೆ ಪ್ರೊಫೆಸರ್ ಆದರು. 21ಕ್ಕೆ ಕೆಲಸಕ್ಕೆ ಸೇರಿದರೆ ಫಿಸಿಕ್ಸ್ ಮುಗಿದೇ ಹೋಯಿತು ಅಂತ ನಿಮ್ಮ ಮಗಳೂ ಅಂದುಕೊಳ್ಳಬೇಕಾಗಿಲ್ಲ.

ಸೇರಿಸುವ ದಿನ ಒಂದೇ ಒಂದು ವಿಷಯ ನೋಡಿಕೊಳ್ಳಿ. 2024-25ರಿಂದ ನಮ್ಮಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ, ಮೂರು ವಿಷಯ. ಕೈಗಾ ಥರದ ಕೆಲಸ ಮನಸ್ಸಿನಲ್ಲಿದ್ದರೆ ಪಿಸಿಎಂ, ಐಟಿಯನ್ನೂ ಇಟ್ಟುಕೊಳ್ಳಬೇಕು ಅಂದರೆ ಕೆಮಿಸ್ಟ್ರಿ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್. ಯಾವುದೇ ಇರಲಿ, ಗಣಿತ ಮಾತ್ರ ಕೊನೆಯ ಸೆಮಿಸ್ಟರ್ ತನಕ ಇರಬೇಕು. ಮಧ್ಯದಲ್ಲಿ ವಿಷಯ ಬಿಡುವ ಅವಕಾಶ ಕೊಟ್ಟರೂ ಗಣಿತ ಬಿಡಿಸಬೇಡಿ. ಎಟಿಸಿಗೂ ಅದು ಬೇಕು, ಎಂ.ಎಸ್ಸಿ.ಗೂ ಅದೇ ಬೇಕು. ಅಡ್ಮಿಷನ್ ಕೌಂಟರಿನಲ್ಲಿ "ಈಗ ಇರೋ ಕಾಂಬಿನೇಷನ್ ತಗೊಳ್ಳಿ, ಆಮೇಲೆ ಬದಲಾಯಿಸ್ಕೊಳ್ಳಬಹುದು" ಅಂದರೆ ಒಪ್ಪಬೇಡಿ. ಪ್ರಿನ್ಸಿಪಾಲರನ್ನು ಕಂಡು, ಅರ್ಜಿಯ ಮೇಲೆ ಮೂರೂ ವಿಷಯ ಬರೆಸಿಕೊಂಡು ಬನ್ನಿ.